ಲಾನ್‌ನಲ್ಲಿ ಥ್ಯಾಚ್ ಮತ್ತು ಪಾಚಿ: ಯಾವುದನ್ನು ಯಾವಾಗ, ಎಷ್ಟು ತೆಗೆಯಬೇಕು?

ಅಂಗಳ

ಲಾನ್ ಹನ್ನೆರಡು ಮೀಟರ್ ಉದ್ದ, ಎಂಟು ಮೀಟರ್ ಅಗಲ. ಹೈಬ್ರಿಡ್ ಗರಿಕೆ ಹಾಕಿ ಆರು ವರ್ಷವಾಗಿದೆ. ಬಿಸಿಲಿನ ಕಡೆ ಕಾಲಿಟ್ಟರೆ ಹಾಸಿಗೆ ಮೇಲೆ ನಡೆದ ಹಾಗೆ ಮೆತ್ತಗೆ ಕುಸಿಯುತ್ತದೆ. ಮೋವರ್ ಓಡಿಸುವಾಗ ಚಕ್ರ ಹೂತು, ಅಲ್ಲಲ್ಲಿ ಕಂದು ಕಾಂಡ ಕಾಣುವಷ್ಟು ಬೋಳಿಸಿಬಿಡುತ್ತದೆ. ಬಿಟ್ಟ ನೀರಲ್ಲಿ ಅರ್ಧದಷ್ಟು ಇಂಗದೆ ಕಾಲುದಾರಿಗೆ ಹರಿಯುತ್ತದೆ. ಗೋಡೆ ಪಕ್ಕ ಮರದ ನೆರಳು ಬೀಳುವ ಮೂರನೇ ಒಂದು ಭಾಗದಲ್ಲಿ ಹುಲ್ಲು ತೆಳ್ಳಗಾಗಿ ಪಾಚಿ ಮೆತ್ತಿಕೊಂಡಿದೆ.

ಬಾಡಿಗೆ ಯಂತ್ರ ತಂದು ಥ್ಯಾಚ್ (ಹುಲ್ಲಿನ ಬುಡದಲ್ಲಿ ಕಟ್ಟುವ ಕಂದು ನಾರಿನ ಪದರ) ಪೂರ್ತಿ ಒಂದೇ ದಿನ ಕೆರೆಸಿ, ಪಾಚಿಯನ್ನೂ ಅದರಲ್ಲೇ ಕಿತ್ತು, ಮೇಲೆ ಸುಣ್ಣ, ಮರಳು ಹಾಕಿಬಿಡೋಣ ಅನ್ನುವ ಯೋಚನೆ ಇದೆ. ಇದು ಸರಿಯಾ?

ಗರಿಕೆಬೇರು

ಯಂತ್ರ ತರುವ ಮುಂಚೆ ಒಂದು ಚೂಪು ಚಾಕು ತೆಗೆದುಕೊಳ್ಳಿ. ಮೂರು ನಾಲ್ಕು ಕಡೆ, ಎಂಟು ಸೆಂ.ಮೀ. ಆಳಕ್ಕೆ, ಕಲ್ಲಂಗಡಿ ಹೋಳಿನಂತೆ ಒಂದೊಂದು ತುಂಡು ಕತ್ತರಿಸಿ ಎತ್ತಿ ಪಕ್ಕದಿಂದ ನೋಡಿ. ಮೇಲೆ ಹಸಿರು ಎಲೆ, ಅಡಿಯಲ್ಲಿ ಮಣ್ಣು, ಮಧ್ಯೆ ತೆಂಗಿನ ನಾರಿನಂತೆ ಹೆಣೆದುಕೊಂಡ ಕಂದು ಪದರ. ಆ ಪದರವೇ ಥ್ಯಾಚ್. ಬೆರಳಲ್ಲಿ ಮೆಲ್ಲಗೆ ಅದುಮಿ ಸ್ಕೇಲ್ ಹಿಡಿಯಿರಿ. ಅದುಮದೆ ಅಳೆದರೆ ಲೆಕ್ಕ ಹೆಚ್ಚಿಗೆ ಬರುತ್ತದೆ.

ಹನ್ನೆರಡು ಮಿ.ಮೀ. ಒಳಗಿದ್ದರೆ ಕೈ ಹಚ್ಚಲೇಬೇಡಿ. ಅಷ್ಟು ಪದರ ಬಿಸಿಲಿಗೆ ಬುಡವನ್ನು ಕಾಯುತ್ತದೆ, ಓಡಾಟದ ಭಾರ ತಡೆಯುತ್ತದೆ, ಮಣ್ಣಿನ ತೇವ ಹಿಡಿದಿಡುತ್ತದೆ. ಅದು ದಾಟಿದರೆ ತೊಂದರೆ ಶುರು. 25 ಮಿ.ಮೀ. ಮೀರಿದ್ದರೆ ಒಂದೇ ಸಲಕ್ಕೆ ಪೂರ್ತಿ ತೆಗೆಯಲು ಹೋಗಬಾರದು.

ಇನ್ನೊಂದು ಮುಖ್ಯ ಸಂಗತಿ: ಆ ತುಂಡಿನಲ್ಲಿ ಬಿಳಿ ಬೇರುಗಳು ಎಲ್ಲಿವೆ ನೋಡಿ. ಮಣ್ಣಿಗೆ ಇಳಿದಿದ್ದರೆ ಹುಲ್ಲು ಕೆರೆತ ತಡೆದುಕೊಳ್ಳುತ್ತದೆ. ಬೇರೆಲ್ಲ ಕಂದು ಪದರದೊಳಗೇ ಸುತ್ತಿಕೊಂಡಿದ್ದರೆ ಯಂತ್ರ ಥ್ಯಾಚ್ ಜತೆ ಹುಲ್ಲನ್ನೂ ಕಂಬಳಿ ಎತ್ತಿದ ಹಾಗೆ ಎತ್ತಿಬಿಡುತ್ತದೆ. ಕೊನೆಗೆ ಆ ಪದರದ ಮೇಲೆ ಒಂದು ಹನಿ ನೀರು ಬಿಡಿ. ಹನಿ ಮಣಿಯ ಹಾಗೆ ಗುಂಡಗೆ ನಿಂತರೆ, ಪದರ ಒಮ್ಮೆ ಪೂರ್ತಿ ಒಣಗಿ ಮತ್ತೆ ನೀರು ಹೀರದ ಸ್ಥಿತಿಗೆ ಬಂದಿದೆ ಅಂತ ಅರ್ಥ. ನಿಮ್ಮ ನೀರು ಕಾಲುದಾರಿಗೆ ಹರಿಯುವುದಕ್ಕೆ ಇದೇ ಕಾರಣ ಇರಬಹುದು.

ನೆರಳುಗಲ್ಲು

ಪಾಚಿ ಭಾಗಕ್ಕೆ ನನ್ನ ಉತ್ತರ. ನಾವು ಆಡುಮಾತಿನಲ್ಲಿ ಪಾಚಿ, ಹಾವಸೆ ಎರಡನ್ನೂ ಬೆರೆಸಿ ಹೇಳುತ್ತೇವೆ, ಆದರೆ ಮದ್ದು ಹಾಕುವ ಮೊದಲು ಯಾವುದು ಅಂತ ಗೊತ್ತಿರಬೇಕು. ಬೆರಳಿಗೆ ಸಣ್ಣ ಸಣ್ಣ ಎಲೆ, ಎಳೆ ಸಿಕ್ಕರೆ ಅದು ಮಾಸ್, ಇಲ್ಲಿ ನಾನು ಪಾಚಿ ಅನ್ನುವುದು ಇದನ್ನೇ. ಲೋಳೆಯಾಗಿ ಜಾರಿದರೆ, ಒಣಗಿದಾಗ ಕಪ್ಪು ಹಪ್ಪಳದಂತೆ ಎದ್ದರೆ, ಅದು ನೀರುಪಾಚಿಯ ಜಾತಿ. ಅಲ್ಲಿ ನೀರು ನಿಲ್ಲುವುದೇ ಮೂಲ. ಬಸಿಯುವ ದಾರಿ ಮಾಡದೆ ಯಾವ ಮದ್ದು ಹಾಕಿದರೂ ಮತ್ತೆ ಬರುತ್ತದೆ.

ಮಾಸ್‌ನಲ್ಲೂ ಮೂರು ತರಹದ ಬೆಳವಣಿಗೆ ಇದೆ, ಮೂರೂ ನೆಲದ ಬಗ್ಗೆ ಬೇರೆಬೇರೆ ವಿಷಯ ಹೇಳುತ್ತವೆ. ದಿಂಬಿನ ಹಾಗೆ ಗುಂಡಗೆ ಒತ್ತಾಗಿ ಕೂತಿದ್ದರೆ ಸಾಮಾನ್ಯವಾಗಿ ಹುಲ್ಲನ್ನು ತೀರಾ ಗಿಡ್ಡ ಕತ್ತರಿಸುತ್ತಿದ್ದೀರಿ. ಗರಿಯ ಹಾಗೆ ಕವಲೊಡೆದು ಹರಡಿದ್ದರೆ ನೆರಳು ಮತ್ತು ಜೌಗು. ಪುಟ್ಟ ಪೈನ್ ಗಿಡದಂತೆ ನೆಟ್ಟಗೆ ನಿಂತಿದ್ದರೆ ನೆಲ ಒಣ, ಹುಳಿ, ಸತ್ವಹೀನ.

ಪಾಚಿ ಹುಲ್ಲನ್ನು ಕೊಲ್ಲುವುದಿಲ್ಲ. ಅದಕ್ಕೆ ನಿಜವಾದ ಬೇರಿಲ್ಲ, ಹಿಡಿದುಕೊಳ್ಳಲು ಕೂದಲಿನಂಥ ಎಳೆ ಇದೆ ಅಷ್ಟೆ. ಹುಲ್ಲು ಸೋತು ಖಾಲಿ ಬಿಟ್ಟ ಜಾಗವನ್ನು ಅದು ತುಂಬುತ್ತದೆ. ಹಾಗಾಗಿ ಕಿತ್ತು ಹಾಕುವುದು ಅರ್ಧ ಕೆಲಸ ಮಾತ್ರ.

ಜೀವಂತ ಪಾಚಿಯನ್ನು ಯಂತ್ರದಲ್ಲಿ ಕೆರೆಯಲೇಬೇಡಿ. ಚೂರು ಚೂರಾದ ತುಂಡುಗಳಿಂದಲೂ ಅದು ಮತ್ತೆ ಬೆಳೆಯುತ್ತದೆ. ಮೊದಲು ಸಾಯಿಸಿ, ಆಮೇಲೆ ಕೆರೆಯಿರಿ.

ಹದಮಣ್ಣು

ಅಂಗಳ ಅವರ ಯೋಜನೆಯ ದೊಡ್ಡ ಎಡವಟ್ಟು "ಒಂದೇ ದಿನ" ಅನ್ನುವುದರಲ್ಲಿದೆ. ಪಾಚಿ ಸಾಯಿಸಲು ತಂಪು, ತೇವ ಇರುವ ಹವೆ ಬೇಕು. ಆಗ ಅದು ಚುರುಕಾಗಿ ಬೆಳೆಯುತ್ತಾ ಮದ್ದನ್ನು ಹೀರುತ್ತದೆ. ಬಿಸಿಲಿಗೆ ಒಣಗಿ ಮುದುಡಿದ ಪಾಚಿ ಸತ್ತ ಹಾಗೆ ಕಾಣುತ್ತದೆ, ಒಂದು ಮಳೆಗೆ ಮತ್ತೆ ಹಸಿರಾಗುತ್ತದೆ. ಗರಿಕೆಯ ಥ್ಯಾಚ್ ತೆಗೆಯಲು ಇದಕ್ಕೆ ತದ್ವಿರುದ್ಧವಾದ ಕಾಲ ಬೇಕು: ಬೇಸಿಗೆಯ ಶಾಖ ಹತ್ತಿ, ಹುಲ್ಲು ಪೂರ್ತಿ ಹಸಿರಾಗಿ ಓಡಲು ಶುರು ಮಾಡಿದ ಮೇಲೆ. ಕೆರೆದ ನಂತರ ಕನಿಷ್ಠ ನಾಲ್ಕರಿಂದ ಆರು ವಾರ ಒಳ್ಳೆ ಬೆಳವಣಿಗೆಯ ಹವೆ ಉಳಿದಿರಬೇಕು. ಚಳಿಗೆ ಮಲಗಿದ ಗರಿಕೆಯನ್ನು ಕೆರೆದರೆ ಗಾಯ ಮಾಯುವುದೇ ಇಲ್ಲ, ಕಳೆ ಬಂದು ಕೂರುತ್ತದೆ.

ಅಂದರೆ ಒಂದೇ ಲಾನ್‌ನಲ್ಲಿ ಎರಡು ಕೆಲಸ, ಎರಡು ಕಾಲ. ತಂಪು ಮುಗಿಯುವ ಹೊತ್ತಿಗೆ ನೆರಳಿನ ಭಾಗಕ್ಕೆ ಕಬ್ಬಿಣ. ಎರಡು ವಾರ ಬಿಟ್ಟು ಅಲ್ಲಿನ ಸತ್ತ ಪಾಚಿಯನ್ನು ಕೈ ರೇಕ್‌ನಲ್ಲಿ ಎಳೆಯುವುದು. ಶಾಖ ಹತ್ತಿದ ಮೇಲೆ ಬಿಸಿಲಿನ ಭಾಗಕ್ಕೆ ಯಂತ್ರ.

ಸೊಂಪು

ಕಬ್ಬಿಣ ಅಂದರೆ ಫೆರಸ್ ಸಲ್ಫೇಟ್, ಚದರ ಮೀಟರಿಗೆ 50 ಗ್ರಾಂ. ನೀರಲ್ಲಿ ಕರಗಿಸಿ ಸುರಿದರೆ ಎರಡು ದಿನದಲ್ಲಿ ಪಾಚಿ ಕಪ್ಪಾಗುತ್ತದೆ.

ನೆರಳುಗಲ್ಲು

ಸೊಂಪು ಅವರೇ, ದಯವಿಟ್ಟು ಆ ಅಂಕಿ ತಿದ್ದಿ. ಚದರ ಮೀಟರಿಗೆ 50 ಗ್ರಾಂ ಹಾಕಿದರೆ ಹುಲ್ಲೂ ಸುಟ್ಟು ಕಪ್ಪಾಗುತ್ತದೆ. ಹತ್ತು ಲೀಟರ್ ಕ್ಯಾನಿಗೆ 40ರಿಂದ 50 ಗ್ರಾಂ, ಆ ಕ್ಯಾನ್ ಹತ್ತು ಚದರ ಮೀಟರಿಗೆ. ಅಂದರೆ ಚದರ ಮೀಟರಿಗೆ 4ರಿಂದ 5 ಗ್ರಾಂ. ಅಮೋನಿಯಂ ಸಲ್ಫೇಟ್ ಮತ್ತು ಕಬ್ಬಿಣವನ್ನು ಮರಳಿಗೆ ಬೆರೆಸಿ ಎರಚುವ ಸಿದ್ಧ ಮಿಶ್ರಣದ ಪ್ರಮಾಣ ದೊಡ್ಡದಿರುತ್ತದೆ, ಅದರಲ್ಲಿ ಬಹುಪಾಲು ಮರಳೇ. ಆ ಲೆಕ್ಕವನ್ನು ಶುದ್ಧ ಹರಳಿಗೆ ಹಚ್ಚುವುದರಿಂದಲೇ ಎಷ್ಟೋ ಲಾನ್ ಸುಡುತ್ತವೆ.

ಅಂಗಳ ಅವರ ನೆರಳಿನ ಭಾಗ ಸುಮಾರು 32 ಚದರ ಮೀಟರ್. ಒಟ್ಟು 128 ಗ್ರಾಂ, 32 ಲೀಟರ್ ನೀರು. ತಕ್ಕಡಿಯಲ್ಲಿ ತೂಗಿ, ಚಮಚದ ಲೆಕ್ಕ ಬೇಡ.

ಹರಳು ನೋಡಿ ಕೊಳ್ಳಿ. ಇದು ಹಿರಿಯರು ಅನ್ನಭೇದಿ ಅನ್ನುವ ವಸ್ತು. ತಿಳಿ ಹಸಿರು ಬಣ್ಣದ ಹರಳಿನಲ್ಲಿ ಕಬ್ಬಿಣ ಶೇಕಡಾ 20ರ ಆಸುಪಾಸು. ಹಳದಿ ಕಂದಿಗೆ ತಿರುಗಿದ್ದರೆ ಗಾಳಿಗೆ ಆಕ್ಸಿಡೀಕರಣಗೊಂಡಿದೆ, ಕೆಲಸ ಕಡಿಮೆ. ಬೂದು ಬಿಳುಪಿನ ಒಣ ಪುಡಿ ಸಿಕ್ಕರೆ ಅದರಲ್ಲಿ ಶೇಕಡಾ 30ರಷ್ಟು ಕಬ್ಬಿಣ ಇರುತ್ತದೆ, ಪ್ರಮಾಣವನ್ನು ಮೂರನೇ ಎರಡಕ್ಕೆ ಇಳಿಸಿ. ಕಡು ನೀಲಿ ಹರಳು ಮೈಲುತುತ್ತ, ತಾಮ್ರದ್ದು. ಅದನ್ನು ಲಾನಿಗೆ ಹಾಕಬಾರದು. ತಾಮ್ರ ಮಣ್ಣಲ್ಲೇ ಉಳಿದು ಎರೆಹುಳುಗಳನ್ನು ಕೊಲ್ಲುತ್ತದೆ. ಥ್ಯಾಚ್ ಕರಗಿಸುವವೇ ಅವು.

ಹಾಕುವ ಹಿಂದಿನ ದಿನ ಪಾಚಿ ಒದ್ದೆಯಿರಲಿ, ಹಾಕಿದ ಮೇಲೆ ಒಂದು ದಿನ ಮಳೆ ಬರಬಾರದು, ನೀರೂ ಬಿಡಬಾರದು. ಬೆಳಗಿನ ತಂಪಿನಲ್ಲಿ, ಸಣ್ಣ ತೂತಿನ ಜರಡಿ ಮೂತಿ ಇರುವ ಕ್ಯಾನಿನಲ್ಲಿ, ಅರ್ಧ ದ್ರಾವಣ ಉದ್ದಕ್ಕೂ ಉಳಿದರ್ಧ ಅಡ್ಡಕ್ಕೂ ಹಾಕಿ. ಒಂದೇ ದಿಕ್ಕಿಗೆ ಹಾಕಿದರೆ ಹುಲಿ ಪಟ್ಟೆಯಂತೆ ಕಪ್ಪು ಗೆರೆ ಮೂಡುತ್ತದೆ. ಕರಗಿಸಿದ್ದನ್ನು ಆ ಹೊತ್ತೇ ಬಳಸಿ. ಕೊಳವೆಬಾವಿಯ ಗಡಸು ನೀರಾದರೆ ಒಂದು ಚಿಟಿಕೆ ಸಿಟ್ರಿಕ್ ಆಮ್ಲ ಮೊದಲು ಹಾಕಿ, ಇಲ್ಲವಾದರೆ ಕಬ್ಬಿಣ ಗಸಿಯಾಗಿ ತಳಕ್ಕೆ ಕೂತು ಜರಡಿ ಕಟ್ಟುತ್ತದೆ.

ಕಾಂಕ್ರೀಟು, ಕಲ್ಲು ಹಾಸು, ಬಟ್ಟೆ ಮೇಲೆ ಬಿದ್ದರೆ ತುಕ್ಕಿನ ಕಲೆ. ಅಂಚಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಸಿಡಿದರೆ ತಕ್ಷಣ ನೀರು ಸುರಿಯಿರಿ. ಮೀನಿನ ಕೊಳ ಪಕ್ಕದಲ್ಲಿದ್ದರೆ ಒಂದು ಮೀಟರ್ ಅಂತರ ಬಿಡಿ. ಮಕ್ಕಳು, ನಾಯಿ, ಬೆಕ್ಕು ಪೂರ್ತಿ ಒಣಗುವ ತನಕ ಆ ಕಡೆ ಬರಬಾರದು. ಕೈಗವಸು, ಕನ್ನಡಕ ಹಾಕಿಕೊಳ್ಳಿ.

ಒಂದೆರಡು ದಿನಕ್ಕೆ ಪಾಚಿ ಮೊದಲು ಕಂದಾಗಿ ಆಮೇಲೆ ಕಾಡಿಗೆ ಕಪ್ಪಾಗುತ್ತದೆ. ಆಸೆಪಟ್ಟು ಅವತ್ತೇ ಎಳೆಯಬೇಡಿ. ಹತ್ತರಿಂದ ಹದಿನಾಲ್ಕು ದಿನ ಬಿಟ್ಟು ಎರಡು ಬೆರಳಲ್ಲಿ ಚಿವುಟಿ ಎತ್ತಿ, ಬುಡದ ತನಕ ಕಪ್ಪಾಗಿ ಸಲೀಸಾಗಿ ಬಂದರೆ ಸಮಯವಾಯಿತು. ಒಳಗೆ ಹಸಿರು ಉಳಿದಿದ್ದರೆ ಅದೇ ಪ್ರಮಾಣದಲ್ಲಿ ಇನ್ನೊಮ್ಮೆ ಹಾಕಬೇಕು, ಮೊದಲ ಸಲಕ್ಕೂ ಎರಡನೆಯದಕ್ಕೂ ಮೂರು ವಾರ ಅಂತರ. ಪ್ರಮಾಣ ದುಪ್ಪಟ್ಟು ಮಾಡುವುದು ಬೇಡ.

ಸೊಂಪು

ಹೌದು, ಮಿಶ್ರಣದ ಲೆಕ್ಕ ಮತ್ತು ಹರಳಿನ ಲೆಕ್ಕ ಕಲಸಿಹೋಗಿತ್ತು. ಓದುವವರು 4ರಿಂದ 5 ಗ್ರಾಂ ಅಂತಲೇ ತೆಗೆದುಕೊಳ್ಳಿ.

ಕಲ್ಲುಸುಣ್ಣ

ಅಂಗಳ ಅವರು ಕೇಳಿದ ಸುಣ್ಣದ ಬಗ್ಗೆ ಯಾರೂ ಉತ್ತರಿಸಲಿಲ್ಲ. "ಪಾಚಿ ಬಂದರೆ ಸುಣ್ಣ ಎರಚು" ಅನ್ನುವ ಸಲಹೆ ಬಾಯಿಂದ ಬಾಯಿಗೆ ಬಂದಿದೆ, ಆದರೆ ಪಾಚಿ ಹುಳಿ ಮಣ್ಣಿನಲ್ಲಿ ಮಾತ್ರವಲ್ಲ, ತಟಸ್ಥ ಮಣ್ಣಿನಲ್ಲೂ ಸೊಗಸಾಗಿ ಬೆಳೆಯುತ್ತದೆ. ಸುಣ್ಣ ಪಾಚಿಯನ್ನು ಸಾಯಿಸುವುದಿಲ್ಲ. ಮಣ್ಣು ನಿಜಕ್ಕೂ ಹುಳಿಯಾಗಿದ್ದರೆ ಹುಲ್ಲಿಗೆ ಬಲ ಕೊಡುತ್ತದೆ, ಅಷ್ಟೇ ಅದರ ಪಾತ್ರ. ಮೊದಲು ಪಿಎಚ್ ಪರೀಕ್ಷೆ ಮಾಡಿಸಿ. ಆರರ ಮೇಲಿದ್ದರೆ ಸುಣ್ಣದ ಸುದ್ದಿಯೇ ಬೇಡ. ಅದಕ್ಕಿಂತ ಕೆಳಗಿದ್ದರೆ ಪುಡಿ ಮಾಡಿದ ಸುಣ್ಣಕಲ್ಲು, ಒಂದು ಸಲಕ್ಕೆ ಚದರ ಮೀಟರಿಗೆ 50 ಗ್ರಾಂ, ಆರು ತಿಂಗಳ ಮೇಲೆ ಮತ್ತೆ ಪರೀಕ್ಷೆ. ಗೋಡೆಗೆ ಬಳಿಯುವ ಅರಳಿದ ಸುಣ್ಣ ಎಲೆ ಸುಡುತ್ತದೆ, ಅದು ಬೇಡ.

ಕಬ್ಬಿಣ ಹಾಕಿದ ವಾರದಲ್ಲೇ ಸುಣ್ಣ ಹಾಕಿದರೆ ಎರಡೂ ಒಂದನ್ನೊಂದು ಕೆಡಿಸುತ್ತವೆ. ಪಾಚಿ ಕೆರೆದು ತೆಗೆದ ಮೇಲೆ, ಕನಿಷ್ಠ ಮೂರು ನಾಲ್ಕು ವಾರ ಬಿಟ್ಟು ಹಾಕಿ. ಯೂರಿಯಾ, ಅಮೋನಿಯಂ ಗೊಬ್ಬರದ ಜತೆಗೂ ಸುಣ್ಣ ಕೂಡದು, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ.

ಮನೆಮದ್ದು

ಪಾತ್ರೆ ತೊಳೆಯುವ ಸೋಪು, ಅಡುಗೆ ಸೋಡಾ, ಬ್ಲೀಚು ಇವುಗಳಲ್ಲೂ ಪಾಚಿ ಹೋಗುತ್ತದಲ್ಲ?

ನೆರಳುಗಲ್ಲು

ಬ್ಲೀಚು ಹುಲ್ಲನ್ನೂ ಸಾಯಿಸುತ್ತದೆ. ಅಡುಗೆ ಸೋಡಾದಲ್ಲಿ ಸೋಡಿಯಂ ಇದೆ, ಅದು ಜೇಡಿ ಮಣ್ಣಿನ ಕಣಗಳ ಜೋಡಣೆ ಒಡೆದು ನೆಲವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ, ಗಟ್ಟಿ ನೆಲ ಮತ್ತೆ ಪಾಚಿ ಕರೆಯುತ್ತದೆ. ಕೊಬ್ಬಿನಾಮ್ಲದ ಪೊಟ್ಯಾಸಿಯಂ ಸೋಪು ಪಾಚಿಯ ಮೇಲೆ ಕೆಲಸ ಮಾಡುವುದು ನಿಜ, ಆದರೆ ಅದು ತೋಟಕ್ಕೆಂದೇ ಮಾಡಿದ ಸೋಪು, ಲೇಬಲ್ಲಿನ ಪ್ರಮಾಣದಂತೆ ಬಳಸಬೇಕು. ಪಾತ್ರೆಯ ಡಿಟರ್ಜೆಂಟ್ ಬೇರೆ ವಸ್ತು. ಕಾಲುದಾರಿಯ ಸಂದುಗಳಿಗೆ, ಕಬ್ಬಿಣದ ಕಲೆ ಬೀಳುವ ಜಾಗಕ್ಕೆ ಆ ತೋಟದ ಸೋಪೇ ಒಳ್ಳೆಯದು.

ಅಂಗಳ

ತುಂಡು ಕತ್ತರಿಸಿ ಅಳತೆ ಸಿಕ್ಕಿತು. ಬಿಸಿಲಿನ ಭಾಗದಲ್ಲಿ ಥ್ಯಾಚ್ 24, 31, 27 ಮಿ.ಮೀ. ಬೇರುಗಳಲ್ಲಿ ಅರ್ಧ ಕಂದು ಪದರದಲ್ಲಿ, ಅರ್ಧ ಮಣ್ಣಿನಲ್ಲಿ. ನೀರಿನ ಹನಿ ಹತ್ತು ಸೆಕೆಂಡಿನಷ್ಟು ಗುಂಡಗೇ ನಿಂತಿತ್ತು. ನೆರಳಿನ ಭಾಗದಲ್ಲಿ ಥ್ಯಾಚ್ ಬರೀ 8 ಮಿ.ಮೀ., ಆದರೆ ಸ್ಕ್ರೂಡ್ರೈವರ್ ಕೈಯಲ್ಲಿ ಒತ್ತಿದರೆ ನಾಲ್ಕು ಸೆಂ.ಮೀ. ಮೇಲೆ ಇಳಿಯುವುದಿಲ್ಲ. ಪಾಚಿ ಗರಿಯ ತರಹದ್ದು. ಪಿಎಚ್ ಬಿಸಿಲಲ್ಲಿ 6.1, ನೆರಳಲ್ಲಿ 5.4.

ಗರಿಕೆಬೇರು

ಇದು ಕೈಗೆ ಬಂದ ಮೇಲೆ ದಾರಿ ಸ್ಪಷ್ಟ. ಬಿಸಿಲಿನ ಭಾಗಕ್ಕೆ ಎರಡು ವರ್ಷದ ಕೆಲಸ. ಸರಾಸರಿ 27 ಮಿ.ಮೀ. ಪದರದಲ್ಲಿ ಅರ್ಧ ಬೇರು ಇದೆ, ಒಂದೇ ಬೇಸಿಗೆಗೆ ಪೂರ್ತಿ ಕಿತ್ತರೆ ಹುಲ್ಲಿಗೆ ನೀರು ಕುಡಿಯಲು ಅರ್ಧ ಬೇರು ಮಾತ್ರ ಉಳಿಯುತ್ತದೆ. ಈ ವರ್ಷ ಮೇಲಿನ ಅರ್ಧ. ಮುಂದಿನ ವರ್ಷದೊಳಗೆ ಬೇರು ಕೆಳಕ್ಕೆ ಇಳಿಯುವ ಹಾಗೆ ಗಾಳಿ ತೂತು ಮತ್ತು ಮಣ್ಣಿನ ತೆಳು ಹೊದಿಕೆ ಕೊಡಿ, ಆಮೇಲೆ ಉಳಿದದ್ದು. ಗರಿಕೆಗೆ ನೆಲದಡಿಯೂ ಕಾಂಡ ಇರುವುದರಿಂದ ಅದು ತುಂಬ ಗಟ್ಟಿ ಹುಲ್ಲು, ಮೇಲೆ ಬೋಳಾದರೂ ಚಿಗುರುತ್ತದೆ. ಹಾಗಂತ ಅದರ ಬಲವನ್ನು ಪರೀಕ್ಷೆ ಮಾಡುವ ಅಗತ್ಯವಿಲ್ಲ.

ಅಲಗು

ಯಂತ್ರದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೆಚ್ಚಿನ ಲಾನ್ ಹಾಳಾಗುವುದು ಇಲ್ಲೇ.

ಬಾಡಿಗೆಗೆ ಎರಡು ತರಹ ಸಿಗುತ್ತವೆ. ಒಂದರಲ್ಲಿ ತಂತಿ ಹಲ್ಲುಗಳು ತಿರುಗುತ್ತಾ ಬಾಚುತ್ತವೆ. ಇನ್ನೊಂದರಲ್ಲಿ ನೆಟ್ಟಗೆ ನಿಂತ ಉಕ್ಕಿನ ಅಲಗುಗಳು ಸೀಳುತ್ತವೆ. ಹತ್ತು ಹದಿನೈದು ಮಿ.ಮೀ. ಸಡಿಲ ಪದರಕ್ಕೆ ತಂತಿ ಸಾಕು. ಗರಿಕೆಯ ಹೆಣೆದ ಥ್ಯಾಚಿಗೆ ತಂತಿ ಬಾಗುತ್ತದೆ, ಅಲಗಿನದೇ ಬೇಕು. ಅಲಗುಗಳ ನಡುವೆ ಎರಡೂವರೆ ಸೆಂ.ಮೀ. ಅಂತರ ಗರಿಕೆಗೆ, ಜೋಯ್ಸಿಯಾ ಹುಲ್ಲಿಗೆ ಸರಿ. ಅಗಲ ಎಲೆಯ ಸೇಂಟ್ ಅಗಸ್ಟೀನ್ ಹುಲ್ಲಿಗೆ ನೆಲದ ಮೇಲಿನ ಹಂಬು ಮಾತ್ರ ಇರುವುದು, ಅಲ್ಲಿ ಅಂತರ ಏಳೂವರೆ ಸೆಂ.ಮೀ. ಇರಬೇಕು. ಇಲ್ಲವಾದರೆ ಹಂಬೆಲ್ಲ ತುಂಡಾಗಿ ಮತ್ತೆ ಚಿಗುರುವುದಕ್ಕೆ ಏನೂ ಇರುವುದಿಲ್ಲ.

ಆಳ ಹೊಂದಿಸುವುದು ಹೀಗೆ. ಎಂಜಿನ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ ತಂತಿ ಬಿಡಿಸಿ ಅಥವಾ ಕರೆಂಟ್ ಪಿನ್ ಕಿತ್ತಿಟ್ಟು, ಯಂತ್ರವನ್ನು ಸಮತಟ್ಟಾದ ಸಿಮೆಂಟು ನೆಲದ ಮೇಲೆ ನಿಲ್ಲಿಸಿ. ಅಲಗು ನೆಲವನ್ನು ಸವರುವಷ್ಟು ಇಳಿಸಿ, ಅದು ಸೊನ್ನೆ. ಅಲ್ಲಿಂದ ಮೂರು ಮಿ.ಮೀ. ಕೆಳಗೆ ಇಟ್ಟು, ಕಣ್ಣಿಗೆ ಬೀಳದ ಮೂಲೆಯಲ್ಲಿ ಎರಡು ಮೀಟರ್ ಓಡಿಸಿ ನಿಲ್ಲಿಸಿ. ಸೀಳಿನ ಒಳಗೆ ಬೆರಳು ಹಾಕಿ ನೋಡಿ. ನಿಮ್ಮ ಮೊದಲ ವರ್ಷಕ್ಕೆ ಸೀಳು ಥ್ಯಾಚಿನ ಅರ್ಧಕ್ಕೆ ನಿಂತರೆ ಸಾಕು. ಎರಡನೇ ವರ್ಷ ಮಣ್ಣನ್ನು ಗೀರುವಷ್ಟು ಇಳಿಸಿ. ಬೆರಳಿಗೆ ಮಣ್ಣು ತಾಗಬೇಕು, ಆದರೆ ಮಣ್ಣು ಅಗೆದು ಎರಚಬಾರದು. ಎಂಜಿನ್ ಉಸಿರುಗಟ್ಟಿದ ಹಾಗೆ ಸದ್ದು ಇಳಿಸಿದರೆ, ಬೆಲ್ಟ್ ಸುಟ್ಟ ವಾಸನೆ ಬಂದರೆ, ಆಳ ಜಾಸ್ತಿಯಾಗಿದೆ. ತಳ್ಳಿ ಹಟ ಮಾಡಬೇಡಿ, ಒಂದು ಹಂತ ಮೇಲೆತ್ತಿ.

ಎರಡು ದಿನ ಮೊದಲು ನೀರು ಬಿಡಿ, ಆ ದಿನ ಮಣ್ಣು ಹದವಾಗಿರಬೇಕು. ಒಂದು ಹಿಡಿ ಮಣ್ಣು ಹಿಸುಕಿದರೆ ಉಂಡೆಯಾಗಬೇಕು, ಬೆರಳಲ್ಲಿ ತಟ್ಟಿದರೆ ಒಡೆಯಬೇಕು. ಕೆಸರಾಗಿದ್ದರೆ ಹುಲ್ಲು ಬುಡಸಮೇತ ಬರುತ್ತದೆ, ಒಣಗಿದ್ದರೆ ಅಲಗು ಮೇಲೇ ಜಾರುತ್ತದೆ. ಹುಲ್ಲನ್ನು ಮಾಮೂಲಿ ಎತ್ತರದ ಅರ್ಧಕ್ಕೆ ಕತ್ತರಿಸಿ ಗುಡಿಸಿ. ಸ್ಪ್ರಿಂಕ್ಲರ್ ತಲೆ, ವಾಲ್ವ್ ಮುಚ್ಚಳ, ದೀಪದ ಕೇಬಲ್, ಕಲ್ಲು ಇರುವಲ್ಲೆಲ್ಲ ಕಡ್ಡಿಗೆ ಬಟ್ಟೆ ಕಟ್ಟಿ ನೆಡಿ.

ನಿಧಾನ ನಡಿಗೆಯಲ್ಲಿ ಒಂದೇ ದಿಕ್ಕಿಗೆ ಓಡಿಸಿ. ತಿರುಗಿಸುವಾಗ ಅಲಗನ್ನು ಎತ್ತಲೇಬೇಕು. ಇಳಿಸಿಕೊಂಡು ತಿರುಗಿಸಿದರೆ ಅರ್ಧಚಂದ್ರಾಕಾರದ ಬೋಳು ಬೀಳುತ್ತದೆ. ಎರಡನೇ ಸುತ್ತು ಹಾಕುವುದಾದರೆ ಮೊದಲನೆಯದಕ್ಕೆ ಓರೆಯಾಗಿ, ಸುಮಾರು 45 ಡಿಗ್ರಿಗೆ. ನೇರ ಅಡ್ಡಕ್ಕೆ ಹಾಕಿದರೆ ಹುಲ್ಲು ಚೌಕ ಚೌಕವಾಗಿ ಕತ್ತರಿಸಿ ಎದ್ದು ಬರುವ ಅಪಾಯ ಹೆಚ್ಚು. ಎರಡು ಸುತ್ತಿನ ನಡುವೆ ಬಂದದ್ದನ್ನು ಬಾಚಿ ಗುಡ್ಡೆ ಹಾಕಿ, ಇಲ್ಲವಾದರೆ ಅಲಗು ಅದರ ಮೇಲೇ ಓಡುತ್ತದೆ. ಕಲ್ಲು ಚಿಮ್ಮುತ್ತದೆ, ಮುಚ್ಚಿದ ಬೂಟು ಮತ್ತು ಕನ್ನಡಕ ಇಲ್ಲದೆ ಹತ್ತಿರ ಹೋಗಬೇಡಿ.

ಮುಗಿದಾಗ ಲಾನ್ ನೋಡಿದರೆ ಹೊಟ್ಟೆ ಉರಿಯುತ್ತದೆ, ಕಂದು ಗೆರೆ ಗೆರೆ. ಗರಿಕೆಗೆ ಅದು ಸಹಜ. ಬೇಸಿಗೆಯ ಶಾಖದಲ್ಲಿ ಎರಡು ಮೂರು ವಾರಕ್ಕೆ ಮತ್ತೆ ಮುಚ್ಚಿಕೊಳ್ಳುತ್ತದೆ.

ಹದಮಣ್ಣು

ಇಲ್ಲಿಗೆ ನಿಲ್ಲಿಸಿದರೆ ಥ್ಯಾಚ್ ವಾಪಸ್ ಬರುತ್ತದೆ. ಕೆರೆದ ಮೇಲೆ ಟೊಳ್ಳು ಹಲ್ಲಿನ ಉಪಕರಣದಲ್ಲಿ ಮಣ್ಣಿನ ಗುಳಿಗೆ ತೆಗೆಯಿರಿ, ಎಂಟು ಹತ್ತು ಸೆಂ.ಮೀ. ಆಳ. ತೂತು ತೆಗೆಯುವುದೇ ಥ್ಯಾಚ್ ತೆಗೆದ ಹಾಗೆ ಅಂತ ಕೆಲವರು ತಿಳಿದಿದ್ದಾರೆ, ಲೆಕ್ಕ ಹಾಕಿ ನೋಡಿ. ಹನ್ನೆರಡು ಮಿ.ಮೀ. ವ್ಯಾಸದ ತೂತು ಹತ್ತು ಸೆಂ.ಮೀ.ಗೊಂದರಂತೆ ಹಾಕಿದರೆ ನೆಲದ ಶೇಕಡಾ ಒಂದರಷ್ಟು ಜಾಗ ಮಾತ್ರ ತೆರೆಯುತ್ತದೆ. ಐದು ಸೆಂ.ಮೀ.ಗೊಂದರಂತೆ ಹಾಕಿದರೆ ಶೇಕಡಾ ನಾಲ್ಕೂವರೆ. ತೂತಿನ ನಿಜವಾದ ಲಾಭ ಗಾಳಿ, ನೀರು, ಮತ್ತು ಮೇಲೆ ಬಂದ ಮಣ್ಣಿನ ಗುಳಿಗೆ. ಗುಳಿಗೆ ಎತ್ತಿ ಬಿಸಾಡಬೇಡಿ. ಒಂದು ದಿನ ಒಣಗಿಸಿ ರೇಕಿನ ಬೆನ್ನಿನಿಂದ ಪುಡಿ ಮಾಡಿ ಅಲ್ಲೇ ಹರಡಿ. ಆ ಮಣ್ಣಿನ ಸೂಕ್ಷ್ಮಜೀವಿಗಳು ಥ್ಯಾಚಿನ ಮೈಗೆ ತಾಗಿದರೇ ಅದು ಕೊಳೆಯುವುದು.

ಮೇಲೆ ತೆಳು ಹೊದಿಕೆ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಅಂದರೆ ಒಂದು ಲೀಟರ್, ನೆನಪಿಡಲು ಸುಲಭ. ನಿಮ್ಮ 64 ಚದರ ಮೀಟರಿಗೆ ನಾಲ್ಕು ಮಿ.ಮೀ. ಬೇಕಾದರೆ 256 ಲೀಟರ್, ಇಪ್ಪತ್ತು ಲೀಟರ್ ಬಕೆಟ್ಟಿನಲ್ಲಿ ಹದಿಮೂರು. ಬರೀ ಮರಳು ಬೇಡ. ಜೇಡಿ ಮಣ್ಣಿನ ಮೇಲೆ ಮರಳಿನ ಪದರ ಬೇರೆಯಾಗಿ ಕೂತರೆ ನೀರು ಗಡಿಯಲ್ಲೇ ನಿಲ್ಲುತ್ತದೆ, ಬೇರೂ ಅಲ್ಲೇ ತಿರುಗುತ್ತದೆ. ನಿಮ್ಮ ಲಾನಿನ ಕೆಳಗಿರುವ ಮಣ್ಣಿಗೆ ಹತ್ತಿರವಾದ ಮಣ್ಣು, ಒರಟು ಮರಳು, ಚೆನ್ನಾಗಿ ಕಳಿತು ಜರಡಿ ಹಿಡಿದ ಕಾಂಪೋಸ್ಟ್ ಮೂರನ್ನೂ ಬೆರೆಸಿ. ಹರಡಿ ಎಳೆದ ಮೇಲೆ ಹುಲ್ಲಿನ ತುದಿ ಮೇಲೆ ಕಾಣುತ್ತಿರಬೇಕು. ಮುಚ್ಚಿಹೋದರೆ ಹೆಚ್ಚಾಯಿತು.

ಗೊಬ್ಬರ ಹತ್ತು ದಿನ ಬಿಟ್ಟು, ಹೊಸ ಚಿಗುರು ಕಂಡ ಮೇಲೆ. ಚದರ ಮೀಟರಿಗೆ ಎರಡೂವರೆ ಗ್ರಾಂ ಸಾರಜನಕ ಸಾಕು, ಯೂರಿಯಾದಲ್ಲಿ 64 ಚದರ ಮೀಟರಿಗೆ ಸುಮಾರು 350 ಗ್ರಾಂ. ಎಲೆ ಒಣಗಿರುವಾಗ ಎರಚಿ, ತಕ್ಷಣ ನೀರು ಬಿಡಿ.

ಎರೆಹುಳು

ಥ್ಯಾಚ್ ಯಾಕೆ ಕಟ್ಟಿತು ಅನ್ನುವುದನ್ನೂ ನೋಡೋಣ. ಕತ್ತರಿಸಿದ ಹುಲ್ಲು ಅಲ್ಲೇ ಬಿಟ್ಟಿದ್ದಕ್ಕೆ ಕಟ್ಟಿತು ಅಂತ ಹೆಚ್ಚಿನವರು ನಂಬಿದ್ದಾರೆ. ಕತ್ತರಿಸಿದ ಎಲೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು, ಅದು ಬೇಗ ಕರಗಿಹೋಗುತ್ತದೆ. ಥ್ಯಾಚ್ ಆಗುವುದು ಕಾಂಡ, ಹಂಬು, ಬುಡ, ಬೇರು. ಅವುಗಳಲ್ಲಿ ಗಡಸುತನ ಕೊಡುವ ಲಿಗ್ನಿನ್ ಎಂಬ ವಸ್ತು ಹೆಚ್ಚು, ಕೊಳೆಯುವುದು ನಿಧಾನ. ಬೆಳೆಯುವ ವೇಗ ಕೊಳೆಯುವ ವೇಗವನ್ನು ಮೀರಿದಾಗ ಪದರ ಕಟ್ಟುತ್ತದೆ.

ಬೆಳೆಯುವ ವೇಗ ಏರಿಸುವುದು ಸಾರಜನಕದ ಅತಿ. ಕೊಳೆಯುವ ವೇಗ ಇಳಿಸುವುದು ಹುಳಿ ಮಣ್ಣು, ಗಾಳಿಯಾಡದ ಗಟ್ಟಿ ನೆಲ, ಎರೆಹುಳು ಸಾಯಿಸುವ ಕೀಟನಾಶಕ. ದಿನಾ ಸ್ವಲ್ಪ ಸ್ವಲ್ಪ ನೀರು ಬಿಟ್ಟರೆ ಬೇರು ಮೇಲೇ ಉಳಿಯುತ್ತದೆ. ವಾರಕ್ಕೆ 25 ಮಿ.ಮೀ. ನೀರನ್ನು ಒಂದೆರಡು ಸಲದಲ್ಲಿ ಕೊಡಿ. ನಾಲ್ಕು ಖಾಲಿ ಡಬ್ಬಿ ಲಾನಿನಲ್ಲಿಟ್ಟು ಎಷ್ಟು ತುಂಬಿತು ಅಂತ ಸ್ಕೇಲಿನಲ್ಲಿ ಅಳೆಯಿರಿ. ಅಂಗಳ ಅವರ ಪದರ ಈಗ ನೀರು ಒಪ್ಪುತ್ತಿಲ್ಲ, ಅದಕ್ಕೆ ಮೊದಲ ಕೆಲವು ವಾರ ಹತ್ತು ನಿಮಿಷ ಬಿಟ್ಟು, ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಹತ್ತು ನಿಮಿಷ ಬಿಡಿ. ಮೊದಲ ನೀರು ದಾರಿ ಮಾಡುತ್ತದೆ, ಎರಡನೆಯದು ಇಳಿಯುತ್ತದೆ.

ಬೆಲ್ಲದ ನೀರು, ಬಾಟಲಿಯ ಸೂಕ್ಷ್ಮಜೀವಿ ದ್ರಾವಣ ಇವುಗಳಿಗೆ ಹಣ ಹಾಕುವ ಮೊದಲು ಅದೇ ಹಣದಲ್ಲಿ ಎರಡು ಬಕೆಟ್ ಹೆಚ್ಚಿಗೆ ಹೊದಿಕೆ ಮಣ್ಣು ತನ್ನಿ. ಅದರಲ್ಲಿ ಬೇಕಾದ ಜೀವಿಗಳು ಇದ್ದೇ ಇರುತ್ತವೆ.

ತಂಪುಹುಲ್ಲು

ರೈ, ಫೆಸ್ಕ್ಯೂ, ಬ್ಲೂಗ್ರಾಸ್ ಇಟ್ಟುಕೊಂಡವರು ಈ ಕಾಲಸೂಚಿ ಅನುಸರಿಸಬೇಡಿ, ನಮ್ಮದು ಉಲ್ಟಾ. ತಂಪು ಪ್ರದೇಶದ ಹುಲ್ಲಿಗೆ ಬೇಸಿಗೆ ಮುಗಿದು ತಂಪು ಶುರುವಾಗುವ ಹೊತ್ತು ಒಳ್ಳೆಯದು, ಮುಂದೆ ಬೆಳೆಯುವ ಕಾಲ ಇರುತ್ತದೆ, ಕಳೆಯ ಕಾಟ ಕಡಿಮೆ. ನಡುಬೇಸಿಗೆಯಲ್ಲಿ ಕೆರೆದರೆ ಸಾಯುತ್ತದೆ. ಗೊಂಚಲಾಗಿ ಬೆಳೆಯುವ ರೈ ಮತ್ತು ಎತ್ತರದ ಫೆಸ್ಕ್ಯೂ ಥ್ಯಾಚ್ ಕಟ್ಟುವುದೇ ಅಪರೂಪ, ಬ್ಲೂಗ್ರಾಸ್ ಮತ್ತು ಹರಡುವ ಕೆಂಪು ಫೆಸ್ಕ್ಯೂ ಕಟ್ಟುತ್ತವೆ. ಕಳೆ ಮೊಳೆಯದಂತೆ ತಡೆಯುವ ಮದ್ದು ಹಾಕುವವರು ಕೆರೆದ ನಂತರ ಹಾಕಿ. ಮೊದಲೇ ಹಾಕಿದರೆ ಅಲಗು ಆ ತಡೆಯನ್ನೇ ಹರಿಯುತ್ತದೆ. ಬೀಜ ಬಿತ್ತುವುದಾದರೆ ಆ ಮದ್ದು ಆ ಋತುವಿನಲ್ಲಿ ಬೇಡ, ಹುಲ್ಲಿನ ಬೀಜವೂ ಮೊಳೆಯುವುದಿಲ್ಲ.

ನೆರಳುಗಲ್ಲು

ನೆರಳಿನ 32 ಚದರ ಮೀಟರಿನ ಕಠಿಣ ಸತ್ಯ: ಗರಿಕೆಗೆ ದಿನಕ್ಕೆ ಆರೇಳು ಗಂಟೆ ನೇರ ಬಿಸಿಲು ಬೇಕು. ಅಲ್ಲಿ ಅದು ಸಿಗದಿದ್ದರೆ ಎಷ್ಟು ಪಾಚಿ ಕಿತ್ತರೂ ಗರಿಕೆ ಆ ಜಾಗ ಹಿಡಿಯುವುದಿಲ್ಲ. ಮೊದಲು ಮರದ ಕೆಳಗಿನ ಕೊಂಬೆ ತೆಗೆದು ನೆತ್ತಿ ತೆಳು ಮಾಡಿ. ಬೆಳಿಗ್ಗೆಯಿಂದ ಸಂಜೆಯ ತನಕ ಗಂಟೆಗೊಮ್ಮೆ ನೆರಳು ಎಲ್ಲಿದೆ ಅಂತ ಗುರುತು ಹಾಕಿ, ನಾಲ್ಕು ಗಂಟೆ ಬಿಸಿಲು ಸಿಕ್ಕರೂ ನೆರಳು ತಡೆಯುವ ಜೋಯ್ಸಿಯಾ ಅಥವಾ ಸೇಂಟ್ ಅಗಸ್ಟೀನ್ ಆ ಭಾಗಕ್ಕೆ ಹಾಕಬಹುದು. ಅಲ್ಲಿ ಮೋವರ್ ಎತ್ತರಕ್ಕೆ ಏರಿಸಿ, ಸೇಂಟ್ ಅಗಸ್ಟೀನ್ ಆದರೆ ಎಂಟು ಸೆಂ.ಮೀ. ಬಿಡಿ. ಬೆಳಕು ಕಡಿಮೆ ಇರುವಲ್ಲಿ ಎಲೆ ಉದ್ದ ಇರಬೇಕು. ನಾಲ್ಕು ಗಂಟೆಯೂ ಸಿಗದಿದ್ದರೆ ಹುಲ್ಲಿನ ಹಟ ಬಿಟ್ಟು ನೆರಳಿನ ಗಿಡ ಹಾಕಿ.

ಸ್ಕ್ರೂಡ್ರೈವರ್ ಇಳಿಯದ ಆ ನೆಲಕ್ಕೆ ಗಾರ್ಡನ್ ಫೋರ್ಕ್ ಹತ್ತು ಸೆಂ.ಮೀ. ಚುಚ್ಚಿ, ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಿ, ಹತ್ತು ಸೆಂ.ಮೀ.ಗೊಂದರಂತೆ. ಮರದ ಬೇರು ಸಿಕ್ಕಿದ ಕಡೆ ಬಲ ಹಾಕಬೇಡಿ. ಪಾಚಿ ತೆಗೆದು ಒಂದು ತಿಂಗಳಾದ ಮೇಲೆ ಸುಣ್ಣಕಲ್ಲಿನ ಪುಡಿ, ಕಲ್ಲುಸುಣ್ಣ ಅವರು ಹೇಳಿದ ಅಳತೆಯಲ್ಲಿ. 5.4ಕ್ಕೆ ಅದು ನಿಜಕ್ಕೂ ಬೇಕು. ಬಿಸಿಲಿನ ಭಾಗದ 6.1ಕ್ಕೆ ಬೇಡ.

ಅಂಗಳ

ಗುಡ್ಡೆ ಬೀಳುವ ಥ್ಯಾಚ್ ಮತ್ತು ಕಪ್ಪು ಪಾಚಿ ಕಾಂಪೋಸ್ಟಿಗೆ ಹಾಕಬಹುದಾ? ಮತ್ತೆ ಕೆರೆದ ಮೇಲೆ ಮೊದಲ ಸಲ ಮೋವರ್ ಯಾವಾಗ ಓಡಿಸಬೇಕು?

ಎರೆಹುಳು

ಹಾಕಬಹುದು, ಆದರೆ ಒಂದೇ ರಾಶಿಯಾಗಿ ಹಾಕಿದರೆ ಗಾಳಿಯಾಡದೆ ಚಾಪೆಯಾಗಿ ವರ್ಷಗಟ್ಟಲೆ ಹಾಗೇ ಇರುತ್ತದೆ. ಐದು ಸೆಂ.ಮೀ. ಥ್ಯಾಚ್, ಅದರ ಮೇಲೆ ಅಷ್ಟೇ ಹಸಿ ಸೊಪ್ಪು ಅಥವಾ ಸಗಣಿ, ಒಂದು ಹಿಡಿ ಮಣ್ಣು, ಹೀಗೆ ಪದರ ಪದರವಾಗಿ ಹಾಕಿ ತಿಂಗಳಿಗೊಮ್ಮೆ ಮಗುಚಿ. ಪಾಚಿ ಇನ್ನೂ ನಿಧಾನ, ಅದನ್ನು ಒಟ್ಟು ರಾಶಿಯ ಹತ್ತನೇ ಒಂದಕ್ಕಿಂತ ಹೆಚ್ಚು ಮಾಡಬೇಡಿ. ಇತ್ತೀಚೆಗೆ ಕಳೆನಾಶಕ ಹೊಡೆದ ಲಾನಿನದಾದರೆ ಕಾಂಪೋಸ್ಟಿಗೆ ಬೇಡವೇ ಬೇಡ. ಗರಿಕೆಯ ಜೀವಂತ ಹಂಬು ಇದ್ದರೆ ಮೊದಲು ಬಿಸಿಲಿಗೆ ಹರವಿ ಗರಿಗರಿಯಾಗುವಂತೆ ಒಣಗಿಸಿ, ಇಲ್ಲವಾದರೆ ಕಾಂಪೋಸ್ಟ್ ಗುಂಡಿಯಲ್ಲೇ ಲಾನ್ ಬೆಳೆಯುತ್ತದೆ. ಬೋಳಾದ ಜಾಗಕ್ಕೆ ನೆಡಲು ಒಂದಷ್ಟು ಹಸಿ ಹಂಬನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಡಿ, ಆ ದಿನವೇ ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಒತ್ತಿ ನೆಟ್ಟುಬಿಡಿ.

ಅಲಗು

ಮೊದಲ ಮೋವಿಂಗ್ ದಿನ ಲೆಕ್ಕ ಹಾಕಿ ಮಾಡಬೇಡಿ, ಎತ್ತರ ನೋಡಿ. ನೀವು ಇಟ್ಟುಕೊಳ್ಳುವ ಎತ್ತರ ಮೂರು ಸೆಂ.ಮೀ. ಆದರೆ, ಹೊಸ ಚಿಗುರು ನಾಲ್ಕೂವರೆ ತಲುಪಿದ ಮೇಲೆ ಕತ್ತರಿಸಿ. ಒಂದು ಸಲಕ್ಕೆ ಮೂರನೇ ಒಂದಕ್ಕಿಂತ ಹೆಚ್ಚು ತೆಗೆಯಬಾರದು. ಅದಕ್ಕೂ ಮುಂಚೆ ಒಂದು ಚಿಗುರು ಹಿಡಿದು ಮೆಲ್ಲಗೆ ಎಳೆಯಿರಿ. ಬುಡ ಅಲ್ಲಾಡದೆ ಎಲೆ ತುಂಡಾದರೆ ಬೇರು ಹಿಡಿದಿದೆ, ಗಿಡವೇ ಎದ್ದು ಬಂದರೆ ಇನ್ನೊಂದು ವಾರ ಕಾಯಿರಿ. ಅಲಗು ಸಾಣೆ ಹಿಡಿಸಿರಲಿ. ಮೊಂಡು ಅಲಗು ಎಲೆಯನ್ನು ಕತ್ತರಿಸದೆ ಹರಿಯುತ್ತದೆ, ಮಾರನೇ ದಿನ ತುದಿಯೆಲ್ಲ ಬೆಳ್ಳಗಾಗಿ ನಾರು ಬಿಟ್ಟುಕೊಂಡಿರುತ್ತದೆ.